ತಮಿಳು ಗೌಡ ಯಾವ ಕೈಯಲ್ಲಿ ಉಂಡ

ಆ ಸಿನಿಮಾದ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ. ಟೆಂಟಿನ ಬಾಗಿಲಿಗೆ ಕಟ್ಟಿದ್ದ ಬಟ್ಟೆಯ ಮೇಲೆ ತಮಿಳಿನಲ್ಲಿ ಏನೋ ಬರೆದಿತ್ತು, ಅದರ ಕೆಳಗೆ ಉರ್ದುವಿನಲ್ಲಿ ಏನೋ ಬರೆದಿತ್ತು. ಆಗ ನನಗೆ ಎರಡೂ ಓದಲು ಬರುತ್ತಿರಲಿಲ್ಲ. ಕನ್ನಡವೂ ಬರುತ್ತಿರಲಿಲ್ಲ ಅನ್ನಿ. ನಿಜಾಮರ ಕಾಲದಲ್ಲಿ ಕಮಲಾಪುರದ ಹೊಲಗೇರಿಯಲ್ಲಿ ಹುಟ್ಟಿದವನಿಗೆ ಅಕ್ಷರ ಯಾರು ಕಲಿಸುತ್ತಾರೆ? ನಾನು ಕಲಿತದ್ದು ಬಹಳ ತಡವಾಗಿ, ಮೋಮಿನಪುರದ ಒಬ್ಬ ಮಾಸ್ತರರ ಜಗುಲಿಯ ಮೇಲೆ, ಮೊದಲು ಉರ್ದು, ಆಮೇಲೆ ಕನ್ನಡ. ಅದಕ್ಕೂ ಮೊದಲು ಈ ಹೆಸರಿಲ್ಲದ ಸಿನಿಮಾ ನನ್ನ ಅನ್ನ ಕಿತ್ತುಕೊಂಡಿತ್ತು. ಸಿನಿಮಾ ಅಂದರೆ ತಪ್ಪಾಗುತ್ತದೆ, ಅದನ್ನು ನೋಡಿದವರು ಕಿತ್ತುಕೊಂಡರು.

ಆಗ ನಾನು ಕಲಬುರಗಿಯ ಗಂಜಿನಲ್ಲಿ, ಅಂದರೆ ಕಾಳುಕಡಿಯ ಪೇಟೆಯಲ್ಲಿ, ಒಂದು ಬೇಳೆ ಅಂಗಡಿಯ ಆಳು. ತೊಗರಿ ಚೀಲ ಹೊರುವುದು, ಬೇಳೆಗೆ ಜರಡಿ ಹಿಡಿಯುವುದು, ಸಂಜೆಯಾದರೆ ಅಂಗಡಿಯ ಹಿಂದೆಯೇ ಇದ್ದ ಸಾವಕಾರರ ಮನೆಗೆ ಬಾವಿಯಿಂದ ನೀರು ತುಂಬುವುದು. ಕೆಲಸ ಕೇಳಿಕೊಂಡು ಹೋದ ದಿನ ಸಾವಕಾರರು ಮೊದಲು ನನ್ನ ರಟ್ಟೆ ನೋಡಿದರು, ಆಮೇಲೆ ಮುಖ ನೋಡಿದರು.

"ಯಾವೂರು?"

"ಮಹಾಗಾಂವ ರೀ."

"ಯಾರ ಪೈಕಿ?"

"ಕುರುಬರ ಪೈಕಿ ರೀ."

ಎರಡೂ ಸುಳ್ಳು. ಬರುವಾಗ ಮಹಾಗಾಂವದ ಹತ್ತಿರ ಒಬ್ಬ ಕುರಿಗಾರ ನನ್ನನ್ನು ತಮ್ಮಾ ಎಂದು ಕರೆದು, ಯಾರೆಂದು ಕೇಳದೆ ನೀರು ಕೊಟ್ಟಿದ್ದ. ಸಾವಕಾರರು ಕೇಳಿದಾಗ ಬಾಯಿಗೆ ಅವನ ಊರೂ ಅವನ ಜಾತಿಯೂ ಬಂದವು. ಇದನ್ನು ತಪ್ಪೊಪ್ಪಿಗೆ ಅಂತ ಯಾರೂ ಓದಬೇಡಿ. ರಟ್ಟೆ ನೋಡಿ ಮುಗಿದ ಮೇಲೂ ಜಾತಿ ಕೇಳುವವರಿಗೆ ಅಂಥ ಉತ್ತರವೇ ಸರಿ ಅಂತ ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ.

ಸಾವಕಾರರು ಕೆಟ್ಟವರಲ್ಲ. ಹಣೆಗೆ ಮೂರು ಬೆರಳು ವಿಭೂತಿ, ಮೆದು ಮಾತು, ವ್ಯಾಪಾರದಲ್ಲಿ ಮಾತ್ರ ಬಲು ಗಟ್ಟಿ. ಮನೆಯಲ್ಲಿ ಅವರ ತಾಯಿ, ಹೆಂಡತಿ, ಆಗತಾನೇ ನಡೆಯಲು ಕಲಿತ ಒಂದು ಗಂಡು ಕೂಸು. ತಾಯಿಯನ್ನು ಓಣಿಯವರೆಲ್ಲ ಆಯಿ ಅನ್ನುತ್ತಿದ್ದರು, ನಾನೂ ಹಾಗೇ ಅಂದೆ. ಕುರುಬರವನಾದ್ದರಿಂದ ಅಡಿಗೆಮನೆಯ ಹೊಸ್ತಿಲವರೆಗೆ ನನಗೆ ಹಾದಿ ಇತ್ತು. ಪಡಸಾಲೆಯ ಮೂಲೆಯಲ್ಲಿ ಊಟ. ಆಯಿ ಎದುರಿಗೆ ಕೂತು, "ಇನ್ನೊಂದು ರೊಟ್ಟಿ ತಿನ್ನೋ, ಚೀಲ ಹೊರಾಂವ ನೀ" ಎಂದು ತಾವೇ ನೀಡುತ್ತಿದ್ದರು. ಕೂಸು ನನ್ನ ಹೆಗಲು ಬಿಟ್ಟು ಇಳಿಯುತ್ತಿರಲಿಲ್ಲ. ಅದರ ಅವ್ವ ಅಡಿಗೆಯಲ್ಲಿದ್ದಾಗ ಅದನ್ನು ಮಲಗಿಸುವವನೂ ನಾನೇ. ನನಗೆ ಜೋಗುಳ ಬಾರದು, ಅಂಗಡಿಯಲ್ಲಿ ಚೀಲ ಎಣಿಸುವ ದನಿಯಲ್ಲೇ ಎಣಿಸುತ್ತಿದ್ದೆ, ಅದು ಅಷ್ಟಕ್ಕೇ ನಿದ್ದೆ ಹೋಗುತ್ತಿತ್ತು.

ಸುಖವಾಗಿತ್ತೇ ಅಂದರೆ ಸುಖವಾಗಿತ್ತು, ಹೆದರಿಕೆಯೂ ಇತ್ತು. ಕಮಲಾಪುರದ ಗೌಡರ ತೊಗರಿ ಬರುವುದು ಅದೇ ಗಂಜಿಗೆ, ನಮ್ಮ ಅಂಗಡಿಯಿಂದ ತುಸು ಆಚೆ ಇನ್ನೊಬ್ಬರ ಅಂಗಡಿಗೆ. ನಮ್ಮೂರ ಎತ್ತುಗಳ ಕೊರಳ ಗಂಟೆ ನನಗೆ ಗುರುತು. ಸದ್ದು ಕೇಳಿದರೆ ಸಾಕು, ಒಳಕೋಣೆಯ ಚೀಲಗಳ ನಡುವೆ ಸೇರಿಕೊಂಡು ಏನೋ ಹುಡುಕುವವನ ಹಾಗೆ ಮಾಡುತ್ತಿದ್ದೆ. ನಾನು ಅಲ್ಲಿ ಯಾರಾಗಿದ್ದೇನೆ ಅನ್ನುವುದು ಊರಿನಲ್ಲಿ ಅವ್ವನಿಗೊಬ್ಬಳಿಗೇ ಗೊತ್ತಿತ್ತು. ಒಬ್ಬರ ಬಾಯಿಂದ ಒಂದು ಮಾತು ಹೊರಬಿದ್ದರೂ ನನ್ನ ಗಂಟುಮೂಟೆ ಬೀದಿಯಲ್ಲಿ ಬೀಳುತ್ತದೆ ಎಂದು ತಿಳಿದೇ ದಿನ ತಳ್ಳುತ್ತಿದ್ದೆ.

ಹೀಗಿರುವಾಗ ಒಂದು ಚಳಿಗಾಲ ಊರ ಹೊರಗಿನ ಬಯಲಿಗೆ ಟೆಂಟಿನವನು ಬಂದ. ಮಾತಾಡುವ ಸಿನಿಮಾ, ಅದೂ ತಮಿಳಿನದು. ಉರ್ದು, ಮರಾಠಿ ಸಿನಿಮಾಗಳಿಗೆ ಬಾಡಿಗೆ ಹೆಚ್ಚಂತೆ, ಮದರಾಸಿನ ಕಡೆ ಓಡಿ ಹಳತಾದ ಈ ರೀಲು ಅವನಿಗೆ ಅಗ್ಗಕ್ಕೆ ಸಿಕ್ಕಿತ್ತಂತೆ. ತಮಿಳು ಯಾರಿಗೆ ತಿಳಿಯಬೇಕು? ಅದಕ್ಕೆ ಪರದೆಯ ಪಕ್ಕದಲ್ಲಿ ಒಬ್ಬನನ್ನು ಕೋಲು ಕೊಟ್ಟು ನಿಲ್ಲಿಸಿದ್ದ. ಚಿತ್ರದವರು ತಮಿಳಿನಲ್ಲಿ ಒಂದು ಮಾತಾಡಿದರೆ ಇವನು ಅರ್ಧ ಕನ್ನಡ ಅರ್ಧ ಉರ್ದುವಿನಲ್ಲಿ ಹತ್ತು ಮಾತಾಡುತ್ತಿದ್ದ. ಅವರು ಅಳುವ ಮೊದಲೇ ಇವನು ಅತ್ತುಬಿಡುತ್ತಿದ್ದ.

ಆಯಿಗೆ ಸಿನಿಮಾ ನೋಡುವ ಹಟ. ಕಿವಿ ಮಂದ, ಹಾಗಾಗಿ ಕಥೆ ಹೇಳುವವನ ಮಾತನ್ನು ಮತ್ತೆ ಕಿವಿಯ ಹತ್ತಿರ ಹೇಳಲು ಒಬ್ಬ ಬೇಕು. ಸಾವಕಾರರು ನನ್ನನ್ನು ಕಳಿಸಿದರು. ಟೆಂಟಿನಲ್ಲಿ ಹೆಂಗಸರಿಗೂ ಗಂಡಸರಿಗೂ ನಡುವೆ ಒಂದು ಹಗ್ಗ ಕಟ್ಟಿದ್ದರು. ಹಗ್ಗದ ಆ ಬದಿಗೆ ಆಯಿ, ಈ ಬದಿಗೆ ನಾನು, ಇಬ್ಬರೂ ಪರದೆಯ ಎದುರಿಗೆ, ಎಲ್ಲರಿಗಿಂತ ಮುಂದೆ. ಜಾತಿ ಕೇಳುವವರು ಅಲ್ಲಿ ಯಾರೂ ಇರಲಿಲ್ಲ, ಟಿಕೀಟು ಕೇಳುವವನೊಬ್ಬನೇ ಇದ್ದ. ಹಾಗೆ ಎಲ್ಲರ ನಡುವೆ ಮಂಡಿ ಮಡಚಿ ಕೂತದ್ದು ನನ್ನ ಜೀವನದಲ್ಲಿ ಅದೇ ಮೊದಲು.

ಕಥೆ ದೊಡ್ಡದೇನಲ್ಲ. ಒಂದು ಹಳ್ಳಿ. ಅಲ್ಲೊಬ್ಬ ಜಮೀನುದಾರ, ಕಥೆ ಹೇಳುವವನು ಅವನನ್ನು ಗೌಡ ಅನ್ನುತ್ತಿದ್ದ. ಕೇರಿಯ ಒಬ್ಬ ಹುಡುಗ ಅಂಗಿ ತೊಟ್ಟು ಗೌಡನ ಬೀದಿಯಲ್ಲಿ ನಡೆದ ಅಂತ ಗೌಡ ಅವನನ್ನು ಕಂಬಕ್ಕೆ ಕಟ್ಟಿಸಿ ಹೊಡೆಸುತ್ತಾನೆ. ಕೇರಿಯವರು ಕೆಲಸ ಬಿಡುತ್ತಾರೆ, ಗುಡಿಸಲುಗಳಿಗೆ ಬೆಂಕಿ ಬೀಳುತ್ತದೆ. ಆಮೇಲೆ ಗೌಡನ ಕಾಲ ಕೆಡುತ್ತದೆ. ದಾಯಾದಿಗಳು ಅವನನ್ನು ಮನೆಯಿಂದ ಹೊರಗೆ ಹಾಕುತ್ತಾರೆ. ಜ್ವರ ಬಂದು, ಹಸಿದು, ಅಲೆದು ಅಲೆದು ಕೊನೆಗೆ ಅವನು ಬೀಳುವುದು ಆ ಹೊಡೆಸಿಕೊಂಡ ಹುಡುಗನ ಗುಡಿಸಲ ಮುಂದೆ. ಹುಡುಗನ ತಾಯಿ ಹೊರಗೆ ಬರುತ್ತಾಳೆ. ನೋಡುತ್ತಾಳೆ. ಒಳಗೆ ಹೋಗಿ ಮಣ್ಣಿನ ತಟ್ಟೆಯಲ್ಲಿ ಅನ್ನ ತಂದು ಇಡುತ್ತಾಳೆ. ಗೌಡ ತಟ್ಟೆ ನೋಡುತ್ತಾನೆ, ಅವಳ ಮುಖ ನೋಡುತ್ತಾನೆ, ಬಲಗೈ ಚಾಚಿ ಕಲಸಿ ಉಣ್ಣುತ್ತಾನೆ.

ನಾನು ಆಯಿಯ ಕಡೆ ತಿರುಗಿದೆ. ಅವರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

"ಪಾಪ, ಎಷ್ಟು ಹಸಿದಾನೋ. ಆಕಿನೂ ತಾಯೀನೇ ಅಲ್ಲೇನೋ? ನೀಡ್ಲಿ. ಉಣ್ಣಲಿ."

"ಆಕಿ ಕೇರಿಯಾಕಿ ರೀ ಆಯಿ," ಅಂದೆ. ಕಥೆ ಹೇಳುವವನ ಮಾತನ್ನು ದಾಟಿಸುವವನ ಹಾಗೆ ಅಂದೆ.

"ಗೊತ್ತೈತಿ ಬಿಡು. ನನಗ ಕಿವಿ ಅಷ್ಟೇ ಮಂದ, ಕಣ್ಣು ಕಾಣ್ತಾವ," ಅಂದರು.

ಮನೆಗೆ ಬರುವ ದಾರಿಯಲ್ಲೂ ಅವರು ಆ ತಟ್ಟೆಯ ಮಾತೇ ಆಡಿದರು. ಅವತ್ತಿನಿಂದ ನನ್ನ ತಲೆಯಲ್ಲಿ ಒಂದು ಹುಚ್ಚು ಹೊಕ್ಕಿತು. ಇವರಿಗೊಬ್ಬರಿಗೆ ನಿಜ ಹೇಳಿಬಿಟ್ಟರೆ? ಇವರು ಕೈ ಬಿಡಲಾರರು. ಮಗನನ್ನು ಕೂರಿಸಿ ಒಪ್ಪಿಸುತ್ತಾರೆ. ಗಂಟೆ ಸದ್ದಿಗೆ ಚೀಲದ ನಡುವೆ ಅಡಗುವ ಬಾಳು ತಪ್ಪುತ್ತದೆ. ಇವತ್ತು ಹೇಳೋಣ, ನಾಳೆ ಹೇಳೋಣ ಎಂದು ತಿರುಗುತ್ತಿದ್ದೆ, ರೊಟ್ಟಿ ನೀಡುವ ಕೈ ನೋಡಿ ಸುಮ್ಮನಾಗುತ್ತಿದ್ದೆ.

ಅಷ್ಟರಲ್ಲಿ ಊರಿಗೆ ಹೋಗುವ ದಿನ ಬಂತು. ನಮ್ಮ ಕೇರಿಯ ಒಂದೊಂದು ಮನೆಯಿಂದ ಒಬ್ಬೊಬ್ಬ ಗಂಡಸು ವರ್ಷಕ್ಕೊಮ್ಮೆ ಗೌಡರಿಗೆ ಬಿಟ್ಟಿ ಮಾಡಬೇಕು, ಕೂಲಿಯಿಲ್ಲದ ದುಡಿಮೆ. ಅಪ್ಪ ಸತ್ತಿದ್ದ, ಹಾಗಾಗಿ ಅವನ ಪಾಲು ನನ್ನದು. ಸಾವಕಾರರಿಗೆ ರಾಶಿ ಮಾಡಲು ಹೋಗುತ್ತೇನೆ ಅಂದೆ. ಆಯಿ ದಾರಿಗೆ ಬುತ್ತಿ ಕಟ್ಟಿಕೊಟ್ಟರು. ಮಹಾಗಾಂವದಲ್ಲಿ ನಿಂತು ಬುತ್ತಿ ಬಿಚ್ಚಿ ಉಂಡು, ಅಲ್ಲಿಂದ ಮುಂದೆ ಮತ್ತೆ ನಮ್ಮ ಜಾತಿಯವನಾಗಿ ನಡೆದೆ.

ಊರಲ್ಲಿ ನನಗೆ ಹಚ್ಚಿದ ಮೊದಲ ಬಿಟ್ಟಿ ಯಾವುದು ಗೊತ್ತೇ? ಅದೇ ಟೆಂಟಿಗೆ ಕುಣಿ ತೋಡುವುದು. ಕಲಬುರಗಿ ಮುಗಿಸಿ ಅವನು ಕಮಲಾಪುರಕ್ಕೆ ಬಂದಿದ್ದ. ಪೊಲೀಸ್ ಅಮೀನ ಸಾಹೇಬರ ಪರವಾನಗಿ ಆಗಿತ್ತು, ಗೌಡರ ಅಪ್ಪಣೆಯೂ ಆಗಿತ್ತು. ಗೌಡರು ಒಂದೇ ಮಾತು ಹೇಳಿದ್ದರು: ಕೇರಿಯವರು ಬರಲಿ, ಆದರೆ ಪರದೆಯ ಹಿಂದೆ ಕೂರಲಿ. ಟೆಂಟಿನವನು ತಲೆ ಕೆಡಿಸಿಕೊಳ್ಳಲಿಲ್ಲ. ಅವನಿಗೆ ಇದು ಹೊಸದಲ್ಲ. ಬಟ್ಟೆಯ ಪರದೆಗೆ ನೀರು ಎರಚಿ ಒದ್ದೆ ಮಾಡಿದರೆ ಚಿತ್ರ ಹಿಂದಿನಿಂದಲೂ ಕಾಣುತ್ತದೆ. ಹಾಗಾಗಿ ಪರದೆಯನ್ನು ನಟ್ಟ ನಡುವೆ ಕಟ್ಟಿಸಿದ, ಮುಂದೆ ಊರು, ಹಿಂದೆ ಕೇರಿ. ಟಿಕೀಟು ಮಾತ್ರ ಎರಡೂ ಕಡೆಗೆ ಒಂದೇ ದರ. ಆ ಕುಣಿಗಳನ್ನೆಲ್ಲ ತೋಡಿ ಕಂಬ ನೆಟ್ಟವನು ನಾನು.

ನಮ್ಮವರು ಸಿನಿಮಾ ಅಂತ ಕಂಡದ್ದೇ ಅದೇ ಮೊದಲು. ಹಿಂದಿನಿಂದ ನೋಡಿದರೆ ಎಲ್ಲವೂ ಅದಲುಬದಲು ಅನ್ನುವುದು ಯಾರಿಗೆ ತಿಳಿಯಬೇಕು? ಹೆಂಗಸರ ಸೆರಗು ಬಲ ಹೆಗಲ ಮೇಲಿತ್ತು. ನನ್ನ ಪಕ್ಕದಲ್ಲಿದ್ದ ಮುದುಕ, "ತಮಿಳರ ಕಡಿ ಹಂಗೇ ಉಡ್ತಾರ ಕಾಣಸ್ತೈತಿ" ಅಂದ. ಅಕ್ಷರ ಉಲ್ಟಾ ಬಂದವು, ನೆಟ್ಟಗಿದ್ದರೂ ನಮಗೆ ಓದಲು ಬಾರದ ಅಕ್ಷರ. ನನಗೊಬ್ಬನಿಗೆ ಗುಟ್ಟು ತಿಳಿದು ಒಳಗೊಳಗೇ ನಗು ಬರುತ್ತಿತ್ತು. ಕಲಬುರಗಿಯಲ್ಲಿ ಎಡಕ್ಕಿದ್ದ ಬೇವಿನ ಮರ ಇಲ್ಲಿ ಬಲಕ್ಕೆ ಬಂದಿತ್ತು.

ಆ ಊಟದ ಹೊತ್ತು ಬಂತು. ಕಲಬುರಗಿಯಲ್ಲಿ ಅಷ್ಟೆಲ್ಲ ಬಾಯಿ ಮಾಡಿದ್ದ ಕಥೆ ಹೇಳುವವನು ಇಲ್ಲಿ ಬಾಯಿಗೆ ಬೀಗ ಹಾಕಿಕೊಂಡ. ಎದುರಿಗೆ ಕುರ್ಚಿಯಲ್ಲಿ ಗೌಡರು ಕೂತಿದ್ದರಲ್ಲ. ತಾಯಿ ತಟ್ಟೆ ಇಟ್ಟಳು. ನಮ್ಮ ಕೇರಿಯವರೆಲ್ಲ ಉಸಿರು ಹಿಡಿದು ನೋಡಿದರು. ಪರದೆಯ ಗೌಡ ಕೈ ಚಾಚಿದ, ಉಂಡ. ನಮ್ಮ ಕಡೆಯಿಂದ ಅದು ಎಡಗೈ.

ನಮ್ಮವರು ಒಬ್ಬೊಬ್ಬರಾಗಿ ಎದ್ದರು. ಪರದೆಯ ಆ ಕಡೆ ಮಾತ್ರ ಗದ್ದಲವೆದ್ದಿತು. ಊರವರು ಕಂಡದ್ದು ಬಲಗೈ. ಗೌಡನೊಬ್ಬ ಹೊಲೆಯರ ಅನ್ನ ಉಣ್ಣುವುದನ್ನು ತೋರಿಸುತ್ತೀಯಾ ಅಂತ ಟೆಂಟಿನವನ ಕುತ್ತಿಗೆಪಟ್ಟಿ ಹಿಡಿದರು. ಬೆಳಗಾಗುವುದರೊಳಗೆ ಗಂಟು ಕಟ್ಟು ಅಂತ ಗೌಡರು ಹೇಳಿ ಹೋದರು.

ಅವ್ವ ಮನೆಗೆ ಬಂದವಳು ಒಲೆ ಹೊತ್ತಿಸಲಿಲ್ಲ. ಗೋಡೆಗೆ ಒರಗಿ ಕೂತಳು. ಏನಾಯಿತು ಅಂದೆ.

"ಸಾಯೂ ಹೊತ್ತಿನಾಗೂ ಅವನಿಗಿ ಎಡಗೈನೇ ಬೇಕಾತೇನೋ," ಅಂದಳು. "ಆಕಿ ಮಗನ್ನ ಹೊಡಿಸಿದಾಂವ. ಆಕಿ ಎಲ್ಲಾ ಮರತು ಅನ್ನ ತಂದಿಟ್ಟಳು. ಅದನ್ನ ತೊಳಕೊಳ್ಳೂ ಕೈಲೆ ತಿಂದ."

ಅವ್ವನ ಕೈಯ ಅಡುಗೆಯನ್ನು ಊರಿನ ಒಬ್ಬರೂ ಬಾಯಿಗೆ ಇಟ್ಟವರಲ್ಲ. ಗೌಡರ ಮನೆಯಲ್ಲಿ ಉಳಿದದ್ದನ್ನು ಮೇಲಿನಿಂದ ಇವಳ ಸೆರಗಿಗೆ ಸುರಿಯುತ್ತಿದ್ದರು, ಇವಳು ಬಗ್ಗಿ ಹಿಡಿಯುತ್ತಿದ್ದಳು. ಅಂಥವಳು ತನ್ನಂಥ ಒಬ್ಬಳ ಕೈಯಿಂದ ಗೌಡನೊಬ್ಬ ಉಣ್ಣುವುದನ್ನು ಕಣ್ಣಾರೆ ಕಂಡಳು, ಅದೂ ಹೀಗೆ ಕಂಡಳು. ನನಗೆ ತಡೆಯಲಾಗಲಿಲ್ಲ.

"ಇಲ್ಲಬೇ ಯವ್ವಾ. ಬಲಗೈಲೇ ಉಂಡಾನ. ಹಿಂದಿನಿಂದ ನೋಡಿದ್ರ ಎಲ್ಲಾ ಉಲ್ಟಾ ಕಾಣ್ತೈತಿ. ಕಲಬುರ್ಗ್ಯಾಗ ನಾ ಮುಂದ ಕುಂತು ನೋಡೀನಿ."

ಅವಳು ತಲೆ ಎತ್ತಿದಳು. "ಮುಂದ?"

"ಹೂಂ. ಸಾವಕಾರರ ಅವ್ವನ ಬಾಜೂಕ. ಆಕಿ ಅತ್ತಳು ಬೇ. ನೀಡ್ಲಿ, ಉಣ್ಣಲಿ ಅಂದಳು."

ಅವ್ವ ಎದ್ದು ಒಲೆ ಹೊತ್ತಿಸಿದಳು, ರೊಟ್ಟಿ ಬಡಿಯುತ್ತ, "ಬಲಗೈಲೆ," ಅಂತ ಒಬ್ಬಳೇ ಅಂದುಕೊಂಡಳು. ಅಷ್ಟು ಹಗುರಾಗಿ ಅವಳು ರೊಟ್ಟಿ ಬಡಿದದ್ದನ್ನು ನಾನು ಬೇರೆ ಯಾವತ್ತೂ ಕಂಡಿಲ್ಲ.

ಮರುದಿನ ಬೆಳಗಾಗುವಷ್ಟರಲ್ಲಿ ಕೇರಿಯ ಮಾತು ಊರಿಗೆ ಮುಟ್ಟಿತ್ತು: ತಮಿಳು ಗೌಡ ಎಡಗೈಯಿಂದ ಉಂಡನಂತೆ, ಹೊಲೆಯರು ಮುಖ ಸಪ್ಪಗೆ ಮಾಡಿಕೊಂಡಿದ್ದಾರಂತೆ. ಗೌಡರು ಬಿದ್ದು ಬಿದ್ದು ನಕ್ಕರಂತೆ. ಟೆಂಟಿನವನು ಹಗ್ಗ ಬಿಚ್ಚುತ್ತಿದ್ದಾಗಲೇ, ಇರಲಿ, ಇನ್ನೊಂದು ಆಟ ಆಡು ಅಂತ ಹೇಳಿಕಳಿಸಿದರು. ಊರಿಗೆ ಊರೇ ರಾತ್ರಿ ಕಂಡದ್ದನ್ನು ಬೆಳಿಗ್ಗೆ ಮರೆತುಬಿಟ್ಟಿತು. ಕೇಳಿದವರಿಗೆಲ್ಲ ಒಂದೇ ಉತ್ತರ, ಎಡಗೈ. ಎರಡು ಕಣ್ಣಿದ್ದವರು ಹೀಗೆ ಒಟ್ಟಾಗಿ ಸುಳ್ಳು ಹೇಳಬಲ್ಲರು ಅಂತ ನಾನು ಅವತ್ತು ಕಲಿತೆ.

ಅವತ್ತು ಗೌಡರ ಬಾಳೆ ತೋಟದಲ್ಲಿ ಬಿಟ್ಟಿ. ನಮ್ಮೂರ ಕೆಂಪು ಬಾಳೆಗೆ ಸುತ್ತಲೂ ಹೆಸರು, ಗೊನೆಗಳು ಕಲಬುರಗಿಯ ದೊಡ್ಡ ಸಾಹೇಬರ ಬಂಗಲೆಗಳಿಗೆ ಹೋಗುತ್ತಿದ್ದವು. ನಾನು ನೀರಿನ ಕಾಲುವೆ ಕೆತ್ತುತ್ತಿದ್ದೆ, ಅವ್ವ ಹೆಂಗಸರ ಜೊತೆ ಕಳೆ ತೆಗೆಯುತ್ತಿದ್ದಳು. ಗೌಡರು ನಾಲ್ಕು ಜನರನ್ನು ಕಟ್ಟಿಕೊಂಡು ಬಂದು ಬದುವಿನ ಮೇಲೆ ನಿಂತರು. ಹುಮ್ಮಸ್ಸಿನಲ್ಲಿದ್ದರು.

"ಏನ ಮುದುಕಿ, ಸಿನಿಮಾ ಹೆಂಗಿತ್ತ? ನಿಮ್ಮ ಕೂಳು ಎಡಗೈಲೆ ತಿಂದನಂತಲ್ಲ ಗೌಡ?"

ಜೊತೆಯವರು ನಕ್ಕರು. ಕಳೆ ತೆಗೆಯುವ ಹೆಂಗಸರು ತಲೆ ತಗ್ಗಿಸಿದರು. ಅವ್ವ ಕುಡುಗೋಲು ಕೆಳಗಿಟ್ಟು ಎದ್ದು ನಿಂತಳು.

"ಇಲ್ರಿ ಗೌಡ್ರ. ಬಲಗೈಲೆ ಉಂಡಾನ."

"ನೀ ಹಿಂದ ಕುಂತಿದ್ದಿ. ನಾ ಮುಂದ ಕುಂತು ನೋಡೀನಿ. ಎಡಗೈಲೇ."

"ನನ್ನ ಮಗಾನೂ ಮುಂದ ಕುಂತು ನೋಡ್ಯಾನ್ರಿ," ಅಂದಳು ಅವ್ವ. "ಕಲಬುರ್ಗ್ಯಾಗ. ಗಂಜಿನ ಬೇಳಿ ಸಾವಕಾರರ ಅವ್ವನ ಬಾಜೂಕ ಕುಂತು ನೋಡ್ಯಾನ. ಆಕಿ ಕಣ್ಣಾಗ ನೀರು ತಂದಳಂತ್ರಿ. ಬಲಗೈಲೇ ಉಂಡಾನ."

ಹೇಳುವಾಗ ಅವಳ ದನಿ ಏರಲಿಲ್ಲ. ಬೇಡಿಕೊಳ್ಳುವ ದನಿಯೂ ಅಲ್ಲ. ಗೌಡರ ಎದುರು ಅವಳು ನೆಟ್ಟಗೆ ನಿಂತು ಆಡಿದ ಮಾತು ಜನ್ಮದಲ್ಲಿ ಅದೊಂದೇ. ಆಡಿ ಮುಗಿಸಿದ ಮೇಲೆ ತಾನು ಏನು ಆಡಿದೆನೆಂದು ಹೊಳೆದಿರಬೇಕು, ನನ್ನ ಕಡೆ ತಿರುಗಿದಳು. ಆ ಮುಖ ನಾನು ಬರೆಯಲಾರೆ.

ಗೌಡರು ನಗುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು.

"ಹೌದೇನಲೇ?"

"ಹೌದ್ರಿ."

"ಯಾರಂತ ಹೇಳಿದಿಲೇ ಅವರಿಗಿ? ಯಾವ ಜಾತಿ ಅಂತ?"

ನಾನು ಕೈಯಲ್ಲಿದ್ದ ಗುದ್ದಲಿ ಕೆಳಗಿಟ್ಟೆ. ಹೊಡೆಯುತ್ತಾರೆ ಅಂದುಕೊಂಡಿದ್ದೆ, ಹೊಡೆಯಲಿಲ್ಲ. ಪಕ್ಕದವನ ಕಡೆ ತಿರುಗಿ, "ನಾಳೆ ಮೋಟಾರಿಗಿ ಗಂಜಿಗಿ ಹೋಗಿ ಬಾ. ಪಾಪ, ಅವರ ಮನಿ ಮಂದಿ ಮೈಲಿಗಿ ಆಗ್ಯಾರ, ಹೇಳಬೇಕಲ್ಲ," ಅಂದರು. ನೆರೆಮನೆಗೆ ಬೆಂಕಿ ಬಿದ್ದಿದೆ ಅಂತ ತಿಳಿಸುವವರ ಕಳಕಳಿ ಅವರ ಮಾತಿನಲ್ಲಿತ್ತು.

ಅವ್ವ ಆಮೇಲೆ ಬದುಕಿದ್ದಷ್ಟು ದಿನ ತನ್ನ ಬಾಯಿಗೆ ಹುಳ ಬೀಳಲಿ ಅಂತ ತನ್ನನ್ನೇ ಬೈದುಕೊಂಡಳು. ನಾನು ಬೈಯಗೊಡುತ್ತಿರಲಿಲ್ಲ. ಅವಳು ಸುಳ್ಳು ಹೇಳಿರಲಿಲ್ಲ. ಆ ತೋಟದಲ್ಲಿ ಅವತ್ತು ನಿಜ ಹೇಳಿದವಳು ಅವಳೊಬ್ಬಳೇ, ದಂಡ ತೆತ್ತವನು ನಾನು, ಲೆಕ್ಕ ತಪ್ಪಿದ್ದು ಎಲ್ಲಿ ಅಂತ ಗೌಡರನ್ನು ಕೇಳಬೇಕೇ ಹೊರತು ಅವಳನ್ನಲ್ಲ.

ನನ್ನ ತಲೆಯಲ್ಲಿ ಒಂದೇ ಯೋಚನೆ: ಗೌಡರ ಆಳು ಮುಟ್ಟುವ ಮೊದಲೇ ನಾನು ಮುಟ್ಟಬೇಕು. ಆಯಿಗೆ ನಾನೇ ಹೇಳಬೇಕು. ಬೇರೆಯವರ ಬಾಯಿಂದ ಕೇಳಿದರೆ ಮೋಸ ಅನ್ನಿಸುತ್ತದೆ, ನನ್ನ ಬಾಯಿಂದ ಕೇಳಿದರೆ ಅವರು ಆ ತಟ್ಟೆಯನ್ನು ನೆನೆಸಿಕೊಳ್ಳುತ್ತಾರೆ. ಅವತ್ತಿನ ಬಿಟ್ಟಿ ಮುಗಿಯುವವರೆಗೆ ಗೌಡರು ನನ್ನನ್ನು ಬಿಡಲಿಲ್ಲ. ನಸುಕಿನಲ್ಲಿ ಎದ್ದು ಹೊರಟೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿದೆ. ಆಯಿ, ನಾ ಕುರುಬರಾಂವ ಅಲ್ರಿ. ಅದರ ಮುಂದೆ ಏನು ಅನ್ನಬೇಕೆಂದು ಹೊಳೆಯದೆ ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದೆ. ಮಹಾಗಾಂವ ದಾಟಿ ತುಸು ಮುಂದೆ ಬರುವಾಗ ಹಿಂದಿನಿಂದ ಮೋಟಾರು ಬಂತು, ಧೂಳೆಬ್ಬಿಸಿ ಮುಂದೆ ಹೋಯಿತು. ಕಿಟಕಿಯಲ್ಲಿ ಗೌಡರ ಆಳು ಕೂತಿದ್ದ. ನನ್ನನ್ನು ನೋಡಿದ, ಗುರುತು ಹಿಡಿದು ಕೈ ಬೀಸಿದ.

ನಾನು ಗಂಜು ಮುಟ್ಟಿದಾಗ ಅವನು ನಮ್ಮ ಅಂಗಡಿಯ ಕಟ್ಟೆಯ ಮೇಲೆ ಬಸಿಯಲ್ಲಿ ಚಹಾ ಸುರಿದುಕೊಂಡು ಕುಡಿಯುತ್ತಿದ್ದ. ಸಾವಕಾರರು ನನ್ನನ್ನು ಕಂಡವರೇ ತಕ್ಕಡಿಯ ಕಡೆ ನೋಡತೊಡಗಿದರು.

"ಒಳಗ ಬರಬ್ಯಾಡ," ಅಂದರು. ದನಿ ಎಂದಿನಂತೆ ಮೆದುವಾಗಿಯೇ ಇತ್ತು. "ನಿನ್ನ ಅರಿಬಿ ಹಿತ್ತಲಾಗ ಇಟ್ಟಾರ. ತಗೊಂಡು ಹೋಗು."

ಹಿತ್ತಲಿಗೆ ಸುತ್ತಿ ಹೋದೆ. ಅಂಗಳದಲ್ಲಿ ಹುಲ್ಲಿನ ಬೆಂಕಿ ಹಾಕಿದ್ದರು. ಅದರ ಪಕ್ಕದಲ್ಲಿ ಹಿತ್ತಾಳೆಯ ಕೊಡ, ತಂಬಿಗೆ, ಪರಾತ ಎಲ್ಲ ರಾಶಿ ಬಿದ್ದಿದ್ದವು. ಸಾವಕಾರರ ಹೆಂಡತಿ ಸೆರಗು ಸೊಂಟಕ್ಕೆ ಕಟ್ಟಿ ಒಂದೊಂದನ್ನೇ ಬೆಂಕಿಗೆ ಹಿಡಿಯುತ್ತಿದ್ದರು. ನನ್ನನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದರು. ಹೆದರಿದ ಮುಖ, ಮೊನ್ನೆ ಮೊನ್ನೆಯವರೆಗೂ ಕೂಸನ್ನು ನನ್ನ ಕೈಗೆ ಕೊಟ್ಟು ಅಡಿಗೆಗೆ ಹೋಗುತ್ತಿದ್ದವರ ಮುಖ.

"ಯಾವ್ಯಾವ ಮುಟ್ಟೀದಿ, ಖರೇ ಹೇಳು," ಅಂದರು.

ನನಗೆ ಸಿಟ್ಟು ನೆತ್ತಿಗೇರಿತು. "ಎಲ್ಲಾನೂ ಮುಟ್ಟೀನ್ರಿ," ಅಂದೆ. "ಉಪ್ಪಿನಕಾಯಿ ಭರಣಿ ಮುಟ್ಟೀನಿ. ತೊಟ್ಟಲ ಮುಟ್ಟೀನಿ. ಬಾವಿ ಹಗ್ಗ ಮುಟ್ಟೀನಿ. ಬಾವ್ಯಾಗಿನ ನೀರು ಸುಟ್ರ ಹೋಗ್ತೈತೇನ್ರಿ?"

ನನ್ನ ದನಿ ಕೇಳಿ ಕೂಸು ಒಳಗಿನಿಂದ ಓಡಿ ಬಂತು. ಎರಡೂ ಕೈ ಮೇಲೆತ್ತಿಕೊಂಡು, ಎತ್ತಿಕೋ ಅಂತ ನೆಟ್ಟಗೆ ನನ್ನ ಕಡೆಗೇ ಬಂತು. ನಾನು ಬಗ್ಗುವ ಮೊದಲೇ ಅದರ ಅವ್ವ ಹಾರಿ ಹಿಡಿದುಕೊಂಡರು. ಹಿಡಿದ ಮೇಲೆ ಅದನ್ನು ಎದೆಗೆ ಒತ್ತಿಕೊಳ್ಳಬೇಕೋ ದೂರ ಇಡಬೇಕೋ ಅವರಿಗೇ ತಿಳಿಯದೆ ಹಾಗೆಯೇ ಗಾಳಿಯಲ್ಲಿ ಹಿಡಿದುಕೊಂಡು ನಿಂತರು. ಅಷ್ಟರಲ್ಲಿ ಆಯಿ ಹೊಸ್ತಿಲಿಗೆ ಬಂದರು.

"ಕೂಸಿಗೂ ನೀರು ಹಾಕು," ಅಂದರು ಸೊಸೆಗೆ.

ಚಳಿಗಾಲದ ಇಳಿಹೊತ್ತು. ಬಾವಿಯ ತಣ್ಣೀರನ್ನು ತಲೆಯ ಮೇಲಿನಿಂದ ಸುರಿದರು. ಕೂಸು ಉಸಿರು ಸಿಕ್ಕದೆ ಬಾಯಿ ತೆರೆದು, ಆಮೇಲೆ ಚೀರಿತು. ಚೀರುತ್ತ ನನ್ನ ಕಡೆಗೇ ಕೈ ಚಾಚುತ್ತಿತ್ತು. ಇನ್ನೊಂದು ಕೊಡ ಸುರಿದರು.

ದಾರಿಯಲ್ಲಿ ಬಾಯಿಪಾಠ ಮಾಡಿದ್ದೆಲ್ಲ ಹಾರಿಹೋಗಿತ್ತು. ಆಯಿಯ ಕಿವಿಗೆ ಕೇಳಲಿ ಅಂತ ಗಟ್ಟಿಯಾಗಿ, "ಆಯಿ, ಅವತ್ತು ಟೆಂಟಿನಾಗ ನೀವೇ ಅಂದ್ರಿ. ನೀಡ್ಲಿ, ಉಣ್ಣಲಿ ಅಂದ್ರಿ. ಅತ್ತಿದ್ರಿ ನೀವು," ಅಂದೆ.

ಅವರಿಗೆ ಕೇಳಿಸಿತು. ಇಲ್ಲ ಅನ್ನಲಿಲ್ಲ. ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡರು. ಅವರ ಕಣ್ಣು ಒದ್ದೆಯಾಗಿತ್ತು, ಅದನ್ನು ನಾನು ಮುಚ್ಚಿಡುವುದಿಲ್ಲ.

"ಅಂವ ಉಂಡಿದ್ದು ಪರದೆ ಮ್ಯಾಲೋ ನನ್ನಪ್ಪಾ," ಅಂದರು. "ಇದು ಮನಿ."

ನನ್ನ ಅರಿವೆಯ ಗಂಟು ತೆಗೆದುಕೊಂಡು ಹೊರಟುಬಂದೆ. ಗೌಡರ ಮೇಲಿನ ಸಿಟ್ಟು ಗೌಡರ ಜೊತೆಗೇ ಸತ್ತಿತು. ಸಾವಕಾರರನ್ನು ಆಮೇಲೆ ಗಂಜಿನಲ್ಲಿ ಎಷ್ಟೋ ಸಲ ಕಂಡೆ, ಏನೂ ಅನ್ನಿಸಲಿಲ್ಲ. ಆದರೆ ಆ ಮುದುಕಿ ನನ್ನನ್ನು ಹೊರಗೆ ಹಾಕುವಾಗಲೂ ನನ್ನಪ್ಪಾ ಅಂದಳು. ಬೈದಿದ್ದರೆ ಯಾವತ್ತೋ ಮರೆತುಬಿಡುತ್ತಿದ್ದೆ.